ಮಹಾಗಣಪತಿ ಬಾಯಿ ಮುಚ್ಚಿಕೊಂಡ ದಿನ

ಅರವತ್ತಮೂರನೆಯ ಇಸವಿಯ ಕಾರ್ತಿಕದ ಒಂದು ಬೆಳಿಗ್ಗೆ. ತೀರ್ಥಹಳ್ಳಿಯ ವಕೀಲ ತಿಮ್ಮಣ್ಣಯ್ಯನವರು ತಮ್ಮ ಜೂನಿಯರ್ ಮಹಾಗಣಪತಿಯನ್ನು ಬೈಯುತ್ತಿದ್ದದ್ದು ರಸ್ತೆಯಾಚೆಯ ಹೋಟೆಲಿಗೂ ಕೇಳಿಸುತ್ತಿತ್ತು.

"ಕಕ್ಷಿಗಾರ ಬಾಯಿ ತೆಗೆಯೋದ್ರೊಳಗೆ ನೀನು ತೆಗೀತೀಯ! ನಿನ್ನೆ ಬಂದವನು ಎರಡು ಮಾತಾಡಿದ್ದ, ನೀನು ಆರು ಸೆಕ್ಷನ್ ಹೇಳಿದೆ. ಎದ್ದು ಎದುರುಗಡೆ ಆಫೀಸಿಗೆ ಹೋದ. ಈ ತಿಂಗಳು ಇದು ನಾಲ್ಕನೇದು. ಮೊದಲು ಕೇಳೋದು ಕಲಿ! ಇವತ್ತು ಸಂಜೆಯೊಳಗೆ ಒಂದಾದರೂ ವಕಾಲತ್ತಿಗೆ ಸಹಿ ಬೀಳಬೇಕು. ಇಲ್ದಿದ್ರೆ ನಾಳೆಯಿಂದ ಬರಬೇಡ."

ಬೆಳಗಾವಿಯಲ್ಲಿ ಓದಿದ ಕಾನೂನೆಲ್ಲ ಕಾದ ಹಾಲಿನ ಹಾಗೆ ಉಕ್ಕಿ ಬಂದರೆ ಅದು ಅವನ ತಪ್ಪೆ? ಮಹಾಗಣಪತಿಯ ಕಿವಿಗಳು ಸಿಟ್ಟಿನಿಂದ ಕೆಂಪಾದವು. ಆದರೆ ಉತ್ತರ ಕೊಡುವ ಹಾಗಿರಲಿಲ್ಲ. ಊರಿನ ಇನ್ನಿಬ್ಬರು ಹಿರಿಯ ವಕೀಲರು ಇದೇ ಕಾರಣಕ್ಕೆ ಅವನನ್ನು ಈಗಾಗಲೇ ಕೆಲಸದಿಂದ ಕಳಿಸಿದ್ದರು. ಮೂರನೆಯವರು ಇವರೇ, ನಾಲ್ಕನೆಯವರು ಊರಲ್ಲಿ ಇರಲಿಲ್ಲ.

"ಸರಿ, ಇವತ್ತು ಹಲ್ಲು ಕಚ್ಚಿಕೊಂಡು ಕೂರುತ್ತೇನೆ. ಕೇಳಿ ಕೇಳಿ ಸಾಯುತ್ತೇನೆ" ಎಂದು ಮನಸ್ಸಿನಲ್ಲೇ ಶಪಥ ಮಾಡಿದ.

ತಿಮ್ಮಣ್ಣಯ್ಯನವರು ಕೋರ್ಟಿಗೆ ಹೋದರು. ಆಫೀಸಿನಲ್ಲಿ ಉಳಿದವರು ಮುದಿ ಗುಮಾಸ್ತ ಸುಬ್ಬಯ್ಯ, ಮತ್ತೆ ಬೆಂಚಿನ ಮೇಲೆ ಗಿರಿಯಪ್ಪ. ಗಿರಿಯಪ್ಪ ತಮ್ಮನ ಮೇಲೆ ಎಂಟು ವರ್ಷದಿಂದ ದಾವಾ ನಡೆಸುತ್ತಿದ್ದ; ಆ ಆಫೀಸಿನ ಹೆಂಚು ಎರಡು ಸಲ ಬದಲಾದದ್ದು ಅವನ ದಯೆಯಿಂದಲೇ.

ಹನ್ನೊಂದು ಗಂಟೆಗೆ ಅರಳಸುರಳಿಯ ಬಸ್ಸಿಳಿದ ಕೆರಿಯಮ್ಮ ಒಲೆಯಿಂದ ಸಿಡಿದ ಕೆಂಡದ ಹಾಗೆ ಒಳಗೆ ಬಂದಳು.

"ಅಯ್ಯಾ, ನನ್ ಮೈದುನ ಮಂಜುನಾಥಪ್ಪನ್ನ ಜೈಲಿಗೆ ಹಾಕ್ಬೇಕು! ನಾವು ಬಾವಿಗೆ ಹೋಗೋ ದಾರೀಗೆ ಬೇಲಿ ಬಡ್ದಾನೆ. ಮುಳ್ಳಿನ ಬೇಲಿ!"

ದಾರಿಯ ಹಕ್ಕಿನ ಸೆಕ್ಷನ್ ಹದಿನೈದು ನಾಲಗೆಯ ತುದಿಗೆ ಹಾರಿ ಬಂತು. ಮಹಾಗಣಪತಿ ಅದನ್ನು ಹಾಗೇ ನುಂಗಿದ. "ಹೇಳಿ ಅಮ್ಮ" ಎಂದಷ್ಟೇ ಅಂದ.

ಕೆರಿಯಮ್ಮ ತನ್ನ ಮದುವೆಯಿಂದ ಶುರುಮಾಡಿದಳು. ಹನ್ನೆರಡು ಗಂಟೆಗೆ ಮಾವನ ಕಾಯಿಲೆಗೆ ಬಂದಿದ್ದಳು.

"ಸರ್ವೆ ನಂಬರು ಕೇಳಿ" ಎಂದು ಸುಬ್ಬಯ್ಯ ಹಿಂದಿನಿಂದ ಪಿಸುಗುಟ್ಟಿದ.

"ನಂಬರ್ ಎಂತಕ್ಕೆ? ಮೊದ್ಲು ತಡೆಯಾಜ್ಞೆ ತನ್ನಿ" ಎಂದು ಗಿರಿಯಪ್ಪ ಬೆಂಚಿನಿಂದ ತೀರ್ಪು ಕೊಟ್ಟ. "ನಂಗೆ ಎಂಟ್ ವರ್ಷದ ಅನುಭವ ಐತೆ."

"ನೀವಿಬ್ರೂ ಸುಮ್ನಿರ್ತೀರಾ? ಈ ಅಯ್ಯ ನೋಡಿ, ಹೆಂಗೆ ಕೇಳ್ತಾವ್ರೆ!" ಎಂದು ಕೆರಿಯಮ್ಮ ಗದರಿದಳು.

ಅಯ್ಯ ಕೇಳುತ್ತಿದ್ದದ್ದು ಹಲ್ಲು ಕಡಿಯುತ್ತಾ. ಒಂದು ಗಂಟೆಗೆ ಕತೆಯೊಳಗೆ ಒಂದು ಎಮ್ಮೆ ಬಂತು. ಮಹಾಗಣಪತಿಗೆ ಸೀನಿಯರ್ ಮೇಲೆ, ಕೆರಿಯಮ್ಮನ ಮೇಲೆ, ಆ ಎಮ್ಮೆಯ ಮೇಲೆ, ಎಮ್ಮೆಯನ್ನು ಮಾರಿದವನ ಮೇಲೆ, ಎಲ್ಲರ ಮೇಲೂ ಸಿಟ್ಟು ಏರಿತು. ಕೈಯಲ್ಲಿದ್ದ ಪೆನ್ಸಿಲು ಲಟಕ್ಕನೆ ಎರಡು ತುಂಡಾಯಿತು. ಮಾತಾಡಿ ಮಾತಾಡಿ ಕೆರಿಯಮ್ಮ ದಣಿದದ್ದನ್ನು ಕಂಡು ಸುಬ್ಬಯ್ಯ ಸದ್ದಿಲ್ಲದೆ ಒಂದು ಚೊಂಬು ನೀರು ತಂದಿಟ್ಟ. ಬೈಸಿಕೊಂಡ ಗಿರಿಯಪ್ಪನೂ ತನ್ನ ಎಲೆಯಡಿಕೆ ಸಂಚಿಯನ್ನು ಅವಳ ಕಡೆಗೆ ಸರಿಸಿದ.

ಎರಡೂವರೆಗೆ ಕತೆ ಹೋದ ತಿಂಗಳಿಗೆ ಬಂದು ಮುಟ್ಟಿತು.

"ಹೊಸಕ್ಕಿ ಊಟಕ್ಕೆ ಬರ್ಲಿಲ್ಲ ನೋಡಿ ಅಯ್ಯಾ ಅವ್ನು! ಎಲೆ ಹಾಕಿ ಕಾದೆ. ಮಾರನೇ ದಿನ ಬೇಲಿ! ನಮ್ ಮನೇಲಿ ಹಿರೇ ಹೆಂಗ್ಸೇ ಬಾಗ್ಲಿಗೆ ಹೋಗಿ, ಬಾಯ್ತುಂಬ ಕರೀಬೇಕು. ಕರೀದಿದ್ರೆ ಸಂಬಂಧ ಕಡ್ಕೊಂಡಂಗೆ. ನಾನು ಕರೀದೆ ಇರ್ತೀನಾ? ನಾನೇ ಹೋಗಿ... ಹೊರಟೆ. ಅರ್ಧ ದಾರೀಲಿ, ಎಮ್ಮೆ ಈಯ್ತಾ ಐತೆ ಅಂತ ಕೂಗಿದ್ರು. ವಾಪಸ್ ಓಡ್ದೆ. ಆಮೇಲೆ..."

ಕೆರಿಯಮ್ಮ ನಿಲ್ಲಿಸಿದಳು.

ಬೇರೆ ದಿನವಾಗಿದ್ದರೆ ಆ ಜಾಗದಲ್ಲಿ ಮಹಾಗಣಪತಿ ಒಂದು ಸೆಕ್ಷನ್ ತುರುಕುತ್ತಿದ್ದ. ಇವತ್ತು ಬಾಯಿ ಬಿಗಿದು ಕೂತ.

"ಆಮೇಲೆ ಹೋಗ್ಲೇ ಇಲ್ಲ ಅಯ್ಯಾ" ಎಂದಳು ಕೆರಿಯಮ್ಮ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಾನೇ ಕರೀಲಿಲ್ಲ. ಪಾಪ ಮಂಜ, ಬಾಗ್ಲಲ್ಲೇ ಕಾದಿರ್ತಾನೆ."

ಸುಬ್ಬಯ್ಯ ವಕಾಲತ್ತಿನ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಮುಂದೆ ಹಿಡಿದ. "ಇಲ್ಲಿ ಹೆಬ್ಬೆಟ್ಟು ಒತ್ತು ಕೆರಿಯಮ್ಮ."

"ಎಂತಕ್ಕೆ? ಬ್ಯಾಡ, ಎತ್ತಿಡಿ" ಎಂದು ಅವಳು ಎದ್ದು ನಿಂತಳು.

"ಅಮ್ಮಾ!" ಮಹಾಗಣಪತಿಯ ಕಟ್ಟೆ ಒಡೆಯಿತು. "ಸೆಕ್ಷನ್ ಹದಿನೈದು! ಇಪ್ಪತ್ತು ವರ್ಷ ನಡೆದ ದಾರಿ ನಿಮ್ಮ ಹಕ್ಕು! ಅವನನ್ನ ಕೋರ್ಟಿಗೆ ಎಳೀಬೇಕು!"

"ಹಕ್ಕು ಇರ್ಲಿ ಅಯ್ಯಾ. ಲಗ್ನ ಆದಾಗಿಂದ ನನ್ ಮಾತು ಪೂರಾ ಕೇಳಿದ್ದು ನೀವೊಬ್ರೇ. ಸಿಟ್ಟೆಲ್ಲ ಇಳೀತು. ನಿಮ್ ಹೊಟ್ಟೆ ತಣ್ಣಗಿರ್ಲಿ."

ಅಷ್ಟರಲ್ಲಿ ತಿಮ್ಮಣ್ಣಯ್ಯನವರು ಮುಖ ಅರಳಿಸಿಕೊಂಡು ಮೆಟ್ಟಿಲು ಹತ್ತಿದರು.

"ನೋಡಿ ಕಲಿ, ಮಹಾಗಣಪತಿ! ಕೋರ್ಟಿನ ಅಂಗಳದಲ್ಲೇ ಇವನನ್ನು ಹಿಡಿದೆ. ಐದೇ ನಿಮಿಷ, ವಕಾಲತ್ತಿಗೆ ಸಹಿ ಆಯ್ತು. ಇವನ ಅತ್ತಿಗೆ ಬೆಳಿಗ್ಗೆ ಬಸ್ ಹತ್ತಿದಳಂತೆ, ಬಾವಿ ದಾರಿ ವಿಷಯಕ್ಕೆ ದಾವಾ ಹಾಕೋದಕ್ಕೆ."

ಅವರ ಬೆನ್ನ ಹಿಂದೆ ಮಂಜುನಾಥಪ್ಪ ನಿಂತಿದ್ದ. ಅತ್ತಿಗೆಯನ್ನು ಕಂಡವನೇ ಹುಬ್ಬು ಗಂಟಿಕ್ಕಿದ.

"ಮಂಜಾ" ಎಂದಳು ಕೆರಿಯಮ್ಮ. "ನಾಳೆ ಮತ್ತೆ ಹೊಸಕ್ಕಿ ಅನ್ನ ಮಾಡ್ತೀನಿ, ಊಟಕ್ಕೆ ಬಾರಪ್ಪ. ನಾನು ಕರೀಬೇಕಿತ್ತು, ಕರೀಲಿಲ್ಲ. ಈಗ ಕರೀತಿದೀನಿ."

ಮಂಜುನಾಥಪ್ಪ ಅತ್ತಿಗೆಯ ಹತ್ತಿರ ಬಂದ. "ಇಷ್ಟು ಹೇಳಕ್ಕೆ ತೀರ್ಥಳ್ಳಿವರೆಗೆ ಬರ್ಬೇಕಿತ್ತಾ ಅತ್ಗೆ?" ಎಂದು ಗೊಣಗಿ, ತಿಮ್ಮಣ್ಣಯ್ಯನವರ ಕೈಯಿಂದ ವಕಾಲತ್ತನ್ನು ಮೆಲ್ಲಗೆ ಎಳೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡ. ಅತ್ತಿಗೆಯ ಕೈಚೀಲ ತಾನೇ ಹಿಡಿದು ಮುಂದೆ ನಡೆದ. ಇಬ್ಬರೂ ಮೂರು ಗಂಟೆಯ ಬಸ್ಸಿಗೆ ಹೋದರು.

"ಎಂತ ಮಾಡಿದೆಯೋ ನನ್ನ ಕಕ್ಷಿಗಾರನಿಗೆ?" ತಿಮ್ಮಣ್ಣಯ್ಯನವರು ಗುಡುಗಿದರು.

"ಏನೂ ಮಾಡ್ಲಿಲ್ಲ ಸಾರ್! ನೀವೇ ಹೇಳಿದ್ರಲ್ಲ, ಕೇಳಿದೆ!" ಮಹಾಗಣಪತಿಯೂ ಅಷ್ಟೇ ಜೋರಾಗಿ ಕೂಗಿದ.

"ಕೇಳೋದು ಅಂದ್ರೆ ದಾವಾ ಹಾಕೋದಕ್ಕೆ ಎಷ್ಟು ಬೇಕೋ ಅಷ್ಟು! ಸಿಟ್ಟು ಇಳಿಯೋವರೆಗೆ ಕೇಳೋದಕ್ಕೆ ಇದೇನು ಮಠವೇ? ಒಂದು ಮಧ್ಯಾಹ್ನಕ್ಕೆ ವಾದಿಯೂ ಹೋದಳು, ಪ್ರತಿವಾದಿಯೂ ಹೋದ! ನಡಿ ಆಚೆ!"

ಮಹಾಗಣಪತಿ ಮೊಳೆಗೆ ನೇತುಹಾಕಿದ್ದ ಕೋಟಿಗೆ ಕೈ ಹಾಕಿದ. ಅಷ್ಟರಲ್ಲಿ ಗಿರಿಯಪ್ಪ ಬೆಂಚಿನಿಂದ ಎದ್ದು, ಕಿಟಕಿಯಾಚೆ ಎಲೆಯಡಿಕೆ ಉಗಿದು, ಸ್ಟೂಲೊಂದನ್ನು ಎಳೆದುಕೊಂಡು ಅವನ ಮೇಜಿನ ಮುಂದೆ ಗಟ್ಟಿಯಾಗಿ ಕೂತ.

"ಕೂತ್ಕಳಿ ಸಣ್ಣಯ್ಯ. ನನ್ ತಮ್ಮಂದೂ ಒಂದ್ ಕೇಳಿ."

"ಗಿರಿಯಪ್ಪಾ, ಬೇಡ ಮಾರಾಯ!" ಎಂದು ತಿಮ್ಮಣ್ಣಯ್ಯನವರು ಅವನ ತೋಳು ಹಿಡಿದು ಎಬ್ಬಿಸಲು ನೋಡಿದರು.

"ನನ್ನ ಕೆಲಸ ಹೋಯ್ತು, ನಾನು ಈಗ..." ಎಂದು ಮಹಾಗಣಪತಿ ತೊದಲಿದ.

"ನಡುವೆ ಬಾಯಿ ಹಾಕ್ಬ್ಯಾಡಿ" ಎಂದು ಗಿರಿಯಪ್ಪ ಅಂಗೈ ಎತ್ತಿ ತಡೆದ. ತನ್ನ ಅಜ್ಜನ ಮದುವೆಯಿಂದ ಶುರುಮಾಡಿದ.