ಕಾಕಾನ ಕರಿಕಿ ಚೀಲ

ನಮ್ಮ ಕಾಕಾನನ್ನು ಕಂಡರೆ ಹುನಗುಂದದ ಕಡೆಯ ರೈತರೆಲ್ಲ ಹೆದರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಗಾಳಿ ಜೋರಾದರೆ ಕಂಬ ಹಿಡಿದು ನಿಲ್ಲುವಂಥ ಮನುಷ್ಯ! ಭಯವೆಲ್ಲ ಅವರ ಗೋಣಿಚೀಲದ್ದು. ಅದರೊಳಗೆ ಇದ್ದದ್ದು ಗರಿಕೆ, ನಮ್ಮ ಬಾಯಲ್ಲಿ ಕರಿಕಿ. ಎರೆಹೊಲದಲ್ಲಿ ಅದರ ಒಂದು ಗೆಣ್ಣು ಬಿದ್ದರೂ ಆಯಿತು, ಜೋಳದ ಆಸೆ ಬಿಟ್ಟ ಹಾಗೆಯೇ. ಆಳು ಹಚ್ಚಿ ಅದನ್ನು ಅಗೆಸುವವರ ಬದುವಿನಲ್ಲಿ ನಿಂತು ಕಾಕಾ ಕೈಮುಗಿಯುತ್ತಿದ್ದರು: "ಒಗೀಬ್ಯಾಡ್ರಿ, ನನಗ ಕೊಡ್ರಿ."

ಬಾದಾಮಿಯ ಹೊರಗಿದ್ದ ನಮ್ಮ ಹೈಸ್ಕೂಲಿನಲ್ಲಿ ಅವರು ಗಂಟೆ ಹೊಡೆಯುವ ಸಿಪಾಯಿ, ನಾನು ಹುಡುಗಿಯರ ಖೋ ಖೋ ತಂಡದಲ್ಲಿ. ತೊಂಬತ್ತರ ದಶಕದ ಕೊನೆ. ಕಲ್ಲುನೆಲದ ಮೇಲೆ ಬಿದ್ದು ಬಿದ್ದು ನಮ್ಮ ಮೊಣಕಾಲಿಗೆ ಚರ್ಮವೇ ನಿಲ್ಲುತ್ತಿರಲಿಲ್ಲ. ಅದನ್ನು ನೋಡಲಾರದೆ ಕಾಕಾ ಮೈದಾನಕ್ಕೆಲ್ಲ ಹುಲ್ಲು ಹಾಸಲು ಹೊರಟಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದನಂತೆ, "ಏನೈತ್ರಿ ಚೀಲದಾಗ?"

"ಕರಿಕಿ."

ಅವನಿಗೂ ಹೊಲವಿತ್ತೆಂದು ಕಾಣುತ್ತದೆ. ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತರೆ ಮಾತ್ರ ಸೈ ಎಂದ. ಅಕ್ಕಪಕ್ಕದವರು ಇಳಿಯುವವರೆಗೂ ಧೋತರ ಕೊಡವಿಕೊಳ್ಳುತ್ತಲೇ ಇದ್ದರು.

ಹುಲ್ಲು ಹಬ್ಬಿತು. ಹಾಸ್ಟೆಲ್ಲಿನ ಬಚ್ಚಲ ನೀರು ಅದಕ್ಕೆ ಕುಡಿಯಲು, ವಾರಕ್ಕೊಮ್ಮೆ ಬರುವ ಕುರಿಗಳೇ ಕತ್ತರಿ, ಅವುಗಳ ಹಿಕ್ಕೆಯೇ ಗೊಬ್ಬರ. ತಪಾಸಣೆಗೆ ಬಂದ ಸಾಹೇಬರು ಬೂಟುಗಾಲು ಇಟ್ಟಾಗ ಕಾಕಾ ಅಡ್ಡ ನಿಂತರು. "ಬೂಟು ಬಿಡ್ರಿ."

"ಇದೇನು ಗುಡಿ ಏನ್ರಿ?"

"ಗುಡಿ ಆಗಿದ್ರ ನಡೀತಿತ್ರಿ. ಕಲ್ಲಿಗೆ ನೋವಾಗೂದಿಲ್ಲ."

ಸಾಹೇಬರು ಬರೀ ಕಾಲುಚೀಲದಲ್ಲಿ ಹಿಕ್ಕೆ ತುಳಿಯುತ್ತ ತಪಾಸಣೆ ಮುಗಿಸಿದರು.

ಪಕ್ಕದ ಹೊಲದ ರೈತನಿಗೆ ಮಾತ್ರ ನಗು ಬರಲಿಲ್ಲ. ನಡುವಿನ ಬದು ದಾಟಿ ಕರಿಕಿ ಅವನ ಶೇಂಗಾದೊಳಗೆ ನುಗ್ಗಿತ್ತು. "ಇನ್ನೊಮ್ಮಿ ಬಂತಂದ್ರ ಎಣ್ಣಿ ಹೊಡೀತೇನಿ," ಎಂದ. ಎಣ್ಣೆ ಎಂದರೆ ಹುಲ್ಲು ಸುಡುವ ವಿಷ. ಊರನ್ನೆಲ್ಲ ಹೆದರಿಸಿದ್ದ ಕಾಕಾ ಅಂದಿನಿಂದ ತಾವೇ ಹೆದರತೊಡಗಿದರು. ಹುಲ್ಲಿನ ಮೇಲೆ ಬರಿಗಾಲಲ್ಲಿ ಆಡುವವರು ನಾವಲ್ಲವೇ? ದಿನವೂ ಆಟಕ್ಕೆ ಮೊದಲು ಬದುವಿನುದ್ದಕ್ಕೂ ಮೂಗನ್ನು ನೆಲಕ್ಕಿಟ್ಟು ಮೂಸುತ್ತ ಹೋಗುತ್ತಿದ್ದರು. ನಾವು ಕಿಸಿಕಿಸಿ ನಗುತ್ತಿದ್ದೆವು. ಆದರೂ ಅವರು ಕೈ ಬೀಸುವವರೆಗೆ ನಾನು ಹುಲ್ಲಿಗೆ ಕಾಲಿಡುತ್ತಿರಲಿಲ್ಲ.

ಒಂದು ಸಂಜೆ ಆಟದ ಭರದಲ್ಲಿ ಬದುವಿನವರೆಗೆ ಓಡಿಬಿಟ್ಟೆ. ಹುಲ್ಲು ಒದ್ದೆಯಾಗಿತ್ತು. ಆಚೆ ರೈತ ಬೆನ್ನಿಗೆ ಎಣ್ಣೆಯ ಪಂಪು ಹೊತ್ತು ನಿಂತಿದ್ದ, ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಕಾಕಾ ಓಡಿ ಬಂದು, ಎಂಟನೇ ತರಗತಿಯ ಹುಡುಗಿಯಾದ ನನ್ನನ್ನು ಕೂಸಿನಂತೆ ಎತ್ತಿಕೊಂಡು ನಲ್ಲಿಗೆ ಒಯ್ದರು. ಸಾಬೂನು ಹಚ್ಚಿ ಕಾಲು ತೊಳೆದರು, ಮತ್ತೆ ತೊಳೆದರು.

"ಉರೀತೈತೇನು?"

"ಇಲ್ಲ ಕಾಕಾ."

"ಖರೆ ಹೇಳು."

ಮರುದಿನ ನೋಡಿದರೆ ಕಾಕಾ ಗುದ್ದಲಿ ಹಿಡಿದು ಆ ಕಡೆಯ ಹುಲ್ಲನ್ನೆಲ್ಲ ಬೇರುಸಹಿತ ಅಗೆಯುತ್ತಿದ್ದಾರೆ! ರೈತನೇ ಬದುವಿಗೆ ಬಂದು, "ಬಿಡ್ರಿ, ಇನ್ನ ನಾ ಹೊಡಿಯಂಗಿಲ್ಲ," ಎಂದ. ಕಾಕಾ ಅಗೆಯುತ್ತಲೇ ಇದ್ದರು.

ನನಗೆ ಅಳು ಬಂತು. "ನೀನ ಹಚ್ಚಿದ್ದಲ್ಲ ಕಾಕಾ?"

"ಕರಿಕಿ ಎಲ್ಲಿಂದರೆ ತರ್ತೇನಿ ಬಿಡು," ಎನ್ನುತ್ತ ಅಲ್ಲೇ ಕೂತು ನನ್ನ ಪಾದವನ್ನು ತಿರುವಿ ತಿರುವಿ ನೋಡಿದರು. ಬಹಳ ಹೊತ್ತು ಅವರು ಪಾದ ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ.