ಅಧಿಕೃತ ಕುಂಟು

ವಾಹಿನಿಯು ವೈವಿಧ್ಯವನ್ನು ತುಂಬುಹೃದಯದಿಂದ ಬೆಂಬಲಿಸುತ್ತದೆ ಎಂಬುದು ನಿರ್ವಿವಾದ. ಅದಕ್ಕೆಂದೇ ಕಟ್ಟಡದ ಮೂರನೇ ಮಹಡಿಯಲ್ಲಿ ಪ್ರಾತಿನಿಧ್ಯ ವಿಭಾಗವನ್ನು ತೆರೆಯಲಾಗಿದೆ. ಲಿಫ್ಟು ಎರಡನೇ ಮಹಡಿಯವರೆಗೆ ಹೋಗುತ್ತದೆ.

ಹೆಣ ಕೊಯ್ದು ಕೊಲೆಗಾರರನ್ನು ಪತ್ತೆಹಚ್ಚುವ ವೈದ್ಯೆಯೊಬ್ಬಳ ಕಾದಂಬರಿಗಳನ್ನು ಧಾರಾವಾಹಿ ಮಾಡುವುದೆಂದು ವಾಹಿನಿ ತೀರ್ಮಾನಿಸಿತು. ಕಾದಂಬರಿಯ ವೈದ್ಯೆಗೆ ಎಡಗಾಲು ಕುಂಟು. ಆದ್ದರಿಂದ ಕುಂಟುವ ನಟಿಯರಿಗೇ ಆದ್ಯತೆ ಎಂದು ಪ್ರಕಟಣೆ ಹೊರಟಿತು. ಬಂದವಳು ಒಬ್ಬಳೇ. ನಾಟಕಗಳಲ್ಲಿ ಪಳಗಿದವಳು, ಬಾಲ್ಯದ ಪೋಲಿಯೊದಿಂದ ಎಡಗಾಲು ಸೊರಗಿದವಳು. ಮೆಟ್ಟಿಲು ಹತ್ತುವುದು ತಡವಾದದ್ದಕ್ಕೆ ಕ್ಷಮೆ ಕೇಳಿ, ಶವಾಗಾರದ ದೃಶ್ಯವೊಂದನ್ನು ಅಭಿನಯಿಸಿದಳು. ನಿರ್ದೇಶಕರ ಕಣ್ಣು ಒದ್ದೆಯಾಯಿತು.

“ಅದ್ಭುತ ಕಣಮ್ಮ. ಆದ್ರೆ ನೀನು ನಿಜವಾಗ್ಲೂ ಕುಂಟ್ತೀಯಲ್ಲ, ಅದು ಅಭಿನಯ ಅನ್ನಿಸಲ್ಲ,” ಎಂದರು.

ಪ್ರಾತಿನಿಧ್ಯ ಅಧಿಕಾರಿಣಿ ಸಮಾಧಾನ ಹೇಳಿದರು: “ಬೇಜಾರ್ ಮಾಡ್ಕೋಬೇಡಿ. ನಿಮ್ಮಂಥೋರಿಗೆ ಅನ್ಯಾಯ ಆಗೋಕೆ ಬಿಡಲ್ಲ. ಪಾತ್ರ ಕುಂಟೇ ಕುಂಟುತ್ತೆ.”

ಪಾತ್ರ ಒಬ್ಬ ತಾರೆಗೆ ಹೋಯಿತು. ನಟಿಗೆ ‘ಕುಂಟು ಸಲಹೆಗಾರ್ತಿ’ ಎಂಬ ಹುದ್ದೆಯನ್ನು ಸೃಷ್ಟಿಸಲಾಯಿತು. ಮುಂದಿನ ಕಾದಂಬರಿಯಲ್ಲಾದರೂ ಮುಖ ಕಾಣಿಸೀತೆಂದು ಅವಳು ಒಪ್ಪಿಕೊಂಡಳು.

ತಾರೆ ಶ್ರದ್ಧೆಯಿಂದಲೇ ಕಲಿತಳು. “ಕುಂಟನಿಗೆ ಎಂಟು ಚೇಷ್ಟೆ ಅಂತಾರೆ, ನನಗೆ ಒಂದೂ ಬರ್ತಿಲ್ಲವಲ್ಲ ಅಕ್ಕಾ,” ಎಂದು ಕೊರಗಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಕುಂಟಲಾರದ ತಾರೆ ನೆಲ ತೀರಾ ಸಮ ಅಂದಳು. ಸ್ಟುಡಿಯೊದ ನೆಲವನ್ನು ಡೊಂಕು ಮಾಡಿಸಲಾಯಿತು. ಅಷ್ಟಾದರೂ ನಾಲ್ಕು ಹೆಜ್ಜೆಗಿಂತ ಹೆಚ್ಚು ಅವಳಿಗೆ ಕುಂಟಲಾಗಲಿಲ್ಲ. ದೂರದಿಂದ ಬೆನ್ನು ಮಾತ್ರ ಕಾಣುವ ದೃಶ್ಯಗಳಲ್ಲಿ ನಟಿಯೇ ನಡೆಯಬೇಕೆಂದಾಯಿತು.

ಅರ್ಧ ಚಿತ್ರೀಕರಣ ಮುಗಿದ ಮೇಲೆ ಸಂಕಲನಕಾರ ಒಂದು ಸಂಗತಿ ಗಮನಿಸಿದ. ತಾರೆ ಕುಂಟಿದ್ದು ಬಲಗಾಲು. ಗುರುವಿನ ಎದುರು ನಿಂತು ಕನ್ನಡಿ ನೋಡಿದ ಹಾಗೆ ಕಲಿತಿದ್ದಳು.

ನಿರ್ದೇಶಕರು ನಟಿಯನ್ನು ಕರೆದರು. “ಅವಳ ದೃಶ್ಯಗಳನ್ನೆಲ್ಲ ಮತ್ತೆ ತೆಗೆಯೋಕಾಗಲ್ಲ. ನೀನೇ ಬಲಗಾಲು ಕುಂಟಿಬಿಡು.”

“ಸಾರ್, ಬಲಗಾಲು ಕುಂಟ್ಬೇಕಾದ್ರೆ ಎಡಗಾಲ ಮೇಲೆ ಭಾರ ಹಾಕ್ಬೇಕು. ಅದು ನಿಲ್ಲಲ್ಲ.”

“ನಟಿ ತಾನೆ ನೀನು? ಅಭಿನಯಿಸು.”

ಅಭಿನಯಿಸಿದಳು. ಎರಡು ಸಲ ಬಿದ್ದಳು. ಮೇಕಪ್ಪಿನವಳು ಮಂಡಿಯ ಗಾಯಕ್ಕೆ ಹತ್ತಿ ಒತ್ತುವಾಗ ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಊರೆಲ್ಲ ನಡೆದವಳಿಗೆ ಅಂದು ಮೊದಲ ಸಲ, ತನಗೆ ನಡೆಯಲು ಬಾರದು ಅನ್ನಿಸಿತ್ತು. ಮೂರನೇ ಸಲ ದೃಶ್ಯ ಓಕೆ ಆಯಿತು.

ಧಾರಾವಾಹಿ ಮನೆಮಾತಾಯಿತು. ತಾರೆಯ ಕುಂಟಿನಲ್ಲಿ ಜೀವವಿದೆ ಎಂದು ವಿಮರ್ಶಕರು ಬರೆದರು; ದೂರದ ದೃಶ್ಯಗಳಲ್ಲಿ ಮಾತ್ರ ಅದು ನಾಟಕೀಯ ಎಂದರು. ನೈಜತೆಗೆ ಧಕ್ಕೆ ತಂದದ್ದಕ್ಕೆ ಸಲಹೆಗಾರ್ತಿಯಿಂದ ವಿವರಣೆ ಕೇಳಲಾಯಿತು. ಮನೆಯಲ್ಲಿ ಅವಳ ತಾಯಿ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದರು: “ಎಷ್ಟು ಲಕ್ಷಣವಾಗಿ ಕುಂಟ್ತಾಳೆ ನೋಡೇ! ನೀನೂ ಚಿಕ್ಕಂದಿನಿಂದ ಕುಂಟ್ತಾನೇ ಇದೀಯ, ಏನ್ ಬಂತು?”

ಅದೇ ತಿಂಗಳು ಅಂಗವಿಕಲರ ಪ್ರಮಾಣಪತ್ರದ ನವೀಕರಣಕ್ಕೆ ನಟಿ ಸರ್ಕಾರಿ ಆಸ್ಪತ್ರೆಗೆ ಹೋದಳು.

“ಬಲಗಾಲು ಚಾಚಿ,” ಎಂದರು ಡಾಕ್ಟರು.

“ನನ್ನದು ಎಡಗಾಲು, ಡಾಕ್ಟ್ರೇ.”

“ಧಾರಾವಾಹಿ ನೋಡಲ್ವೇನಮ್ಮ? ಕುಂಟೋದು ಬಲಗಾಲು.” ಅವರು ಎಡಗಾಲನ್ನೂ ಮುಟ್ಟಿ ನೋಡಿದರು. “ಇದು ಸ್ವಲ್ಪ ಸಣ್ಣ ಇದೆ, ಅಷ್ಟೇ. ಚೆನ್ನಾಗಿ ಊಟ ಮಾಡಿ.”

ಸಾಲಿನಲ್ಲಿದ್ದವರು “ಅವ್ರು ಹೇಳಿದ್ದಕ್ಕೆ ಹೂಂ ಅನ್ನಮ್ಮ, ನಮಗೂ ಹೊತ್ತಾಯ್ತು,” ಎಂದರು. ಅವಳು ಹೂಂ ಅಂದಳು. ಪ್ರಮಾಣಪತ್ರಕ್ಕೆ ‘ಬಲಗಾಲು’ ಎಂದು ಮೊಹರು ಬಿತ್ತು.

ಈಗ ಅವಳು ಮನೆಯೊಳಗೆ ಎಡಗಾಲು ಕುಂಟುತ್ತಾಳೆ, ಹೊಸಿಲು ದಾಟಿದ ಮೇಲೆ ಬಲಗಾಲು. ಯಾರಿಂದಲೂ ದೂರು ಬಂದಿಲ್ಲ.