ಮೆಟ್ಟಿಲಿಲ್ಲದ ಮನೆ ಬೇಕಾಗಿತ್ತು

ನಾನು ಹುಟ್ಟಿದ್ದು ಮೈಸೂರಿನ ಕಡೆ. ಬ್ಯಾಡಗಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾದರೂ ಈ ಊರು ಏನಾದರೊಂದು ಪಾಠ ಕಲಿಸಿ ನಗಿಸುವುದನ್ನು ಬಿಟ್ಟಿಲ್ಲ.

೧. ಬಚ್ಚಲು ಎಲ್ಲಿದೆ?

ಒಂದು ಬೇಸಿಗೆಯಲ್ಲಿ ರಜೆಗೆ ಮನೆ ಅದಲು-ಬದಲು ಮಾಡಿಕೊಳ್ಳುವುದು, ಇಂಗ್ಲೆಂಡಿನ ಯಾರೋ ನಮ್ಮ ಮನೆಗೆ ಬಂದಿರುವುದು, ನಾವು ಅವರ ಮನೆಗೆ ಹೋಗಿರುವುದು ಎಂದು ಮಗ ಹೊರಟ. ರಾಣೆಬೆನ್ನೂರಿನ ಇಂಟರ್ನೆಟ್ ಅಂಗಡಿಯಿಂದ ಮನೆಗಳ ಚಿತ್ರ ತಂದು ಹರಡಿದ. ಅವನಿಗೆ ಲಂಡನ್ ಬೇಕು, ಮೊಮ್ಮಗಳಿಗೆ ಸಮುದ್ರ. ನಾನು ಪ್ರತಿ ಚಿತ್ರಕ್ಕೂ, "ಬಚ್ಚಲು ಎಲ್ಲಿದೆಯೋ?" ಎಂದೆ.

ಎಲ್ಲ ಮನೆಯಲ್ಲೂ ಮಹಡಿಯ ಮೇಲೆ. ನನ್ನ ಮೊಣಕಾಲಿಗೆ ನಾಲ್ಕು ಮೆಟ್ಟಿಲೂ ಹೆಚ್ಚು. "ನೀವು ಹೋಗಿ ಬನ್ನಿ, ನಾನು ತಂಗಿಯ ಮನೆಯಲ್ಲಿರುತ್ತೇನೆ" ಎಂದೆ. ಹಾಗೆಂದೆ, ಅಷ್ಟೆ. ಹೋಗಲು ಆರು ಸೀರೆ ಆಗಲೇ ಆರಿಸಿಟ್ಟಿದ್ದೆ.

ಸೊಸೆ ಕಪಾಟಿನಲ್ಲಿ ಆ ಸೀರೆಗಳನ್ನು ನೋಡಿದ್ದಳು. "ಅತ್ತಿ ಬರಲಿಲ್ಲಂದ್ರ ನಾನೂ ಬರಂಗಿಲ್ಲ. ಮೆಟ್ಟಲಿಲ್ಲದ ಮನಿ ಹುಡುಕ್ರಿ" ಎಂದಳು.

ಮಗ ಚಿತ್ರಗಳನ್ನು ಮಡಚಿದ. "ಅತ್ತಿ-ಸೊಸಿ ಜಗಳಾಡಿದ್ದರ ಇಷ್ಟೊತ್ತಿಗೆ ಲಂಡನ್ ಮುಟ್ಟತಿದ್ದೆ."

೨. ಎರಡು ಜೋಡಿ ಮೊಣಕಾಲು

ಕೊನೆಗೆ ಒಂದು ಹಳ್ಳಿಯಲ್ಲಿ ಮಹಡಿಯೇ ಇಲ್ಲದ ಮನೆ ಸಿಕ್ಕಿತು. ಆ ಮನೆಯಾಕೆಯ ಮುದಿ ತಾಯಿಗೂ ಮೊಣಕಾಲು ನೋವಂತೆ. ಮೆಟ್ಟಿಲಿಲ್ಲದ ನಮ್ಮ ಮನೆ ಕಂಡು ಅವರೂ ಕೂಡಲೇ ಒಪ್ಪಿದ್ದರು.

"ಊರು ಆರಿಸಿದ್ದು ನಾವಲ್ಲ ಬಿಡವ್ವಾ," ಎಂದ ಮಗ, "ನಿಮ್ಮಿಬ್ಬರ ಮೊಣಕಾಲು."

೩. ನಾನು ಸೇರಿಸಿದ ಸಾಲು

ಬರುವವರಿಗೆಂದು ಸೊಸೆ ಇಂಗ್ಲಿಷಿನಲ್ಲಿ ಸೂಚನೆಗಳನ್ನು ಬರೆದಳು. ನೀರಿನ ಮೋಟಾರು, ಗ್ಯಾಸು, ಬೀಗ. ನಾನು ಒಂದು ಸಾಲು ಸೇರಿಸಿದೆ: ಓಣಿಯವರು ಏನಾದರೂ ಕೊಟ್ಟರೆ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಮದುವೆಯಾದ ಹೊಸದರಲ್ಲಿ ಖಾಲಿ ಬಟ್ಟಲು ಕೊಟ್ಟು ಅತ್ತೆಯಿಂದ ಬೈಸಿಕೊಂಡವಳು ನಾನು.

"ಅವರ‍್ಯಾಕ ನಿನ್ನ ಶಾಸ್ತ್ರ ಮಾಡ್ತಾರವ್ವಾ?" ಎಂದು ಮಗ ನಕ್ಕ.

೪. ಹದಿನಾಲ್ಕು ಪಾತ್ರೆ

ಅಲ್ಲಿಗೆ ಹೋದರೆ ಬಚ್ಚಲಲ್ಲಿ ನನಗೆಂದೇ ಒಂದು ಕುರ್ಚಿ ಇಟ್ಟುಹೋಗಿದ್ದರು. ಮುಖ ನೋಡದ ಆ ತಾಯಿಯನ್ನು ದಿನವೂ ನೆನೆಯುತ್ತ ಸ್ನಾನ ಮಾಡಿದೆ.

ಮೂರು ವಾರ ಕಳೆದು ಮರಳಿದಾಗ ಅವರು ಹೊರಟುಹೋಗಿದ್ದರು. ಅಡುಗೆಮನೆಯಲ್ಲಿ ತೊಳೆದಿಟ್ಟ ಹದಿನಾಲ್ಕು ಪಾತ್ರೆಗಳು ಸಾಲಾಗಿ ಕುಳಿತಿದ್ದವು. ಒಂದೂ ನಮ್ಮದಲ್ಲ. ಜೊತೆಗೆ ಆ ಅಜ್ಜಿಯ ಚೀಟಿ. ಸೊಸೆ ಓದಿದಳು: "ಪಾತ್ರೆಗಳಲ್ಲಿ ಹಾಕಿ ಕೊಡಲು ನಾವು ತಂದ ಬಿಸ್ಕತ್ತು ಮೊದಲ ವಾರವೇ ಮುಗಿಯಿತು. ಪಾತ್ರೆಗಳು ಬರುವುದು ನಿಲ್ಲಲಿಲ್ಲ. ಖಾಲಿ ಕೊಡಬಾರದೆಂದಿದ್ದೀರಿ, ಅದಕ್ಕೆ ಇವನ್ನು ಕೊಟ್ಟೇ ಇಲ್ಲ. ನಮ್ಮನ್ನು ಇಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿರಲಿಲ್ಲ."

ಪುಣ್ಯಕ್ಕೆ ಓಣಿಯವರು ಪಾತ್ರೆಗಳ ಮೇಲೆ ತಮ್ಮ ಹೆಸರು ಕೆತ್ತಿಸಿದ್ದರು. ಮರುದಿನ ಶೇಂಗಾ ಹೋಳಿಗೆ ಮಾಡಿ, ತುಂಬಿ, ಕುಂಟುತ್ತ ಹೊರಟೆ. ಮೂರು ಮನೆ ಮುಗಿಸಿ ಬರುವಷ್ಟರಲ್ಲಿ ಮೊದಲ ಮನೆಯಾಕೆ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮಡಿಲಲ್ಲಿ ಅದೇ ಪಾತ್ರೆ, ತುಂಬ ಎಣ್ಣೆಗಾಯಿ.

"ದೂರದಿಂದ ಬಂದು ದಣದೀರಿ ಅಮ್ಮಾ, ಇವತ್ತ ಅಡಗಿ ಮಾಡಬ್ಯಾಡ್ರಿ," ಎಂದು ನನ್ನ ಕೈಗಿಟ್ಟಳು. "ಪಾತ್ರಿ ಸಾವಕಾಶ ಕೊಡ್ರಿ."